ವರೋವಾ ನುಸಿಯ ಕುಲನಿರ್ಣಯ

೧

ನುಸಿಯೆಂಬ ಮಾತು ಕನ್ನಡದಲ್ಲಿ ಬಹು ಸಡಿಲವಾದ ಅರ್ಥದಲ್ಲಿ ಬಳಕೆಯಾಗುತ್ತ ಬಂದಿರುತ್ತದೆ. ಕಣಜದ ಧಾನ್ಯವನ್ನು ಹಿಟ್ಟುಮಾಡುವ ಹುಳುವೂ ನುಸಿ. ಮುಸ್ಸಂಜೆಯಲ್ಲಿ ಕಣ್ಣಿಗೆ ಮುತ್ತುವ ಸಣ್ಣ ನೊಣವೂ ನುಸಿ. ತೆಂಗಿನ ಎಳೆಗಾಯಿಯ ತೊಟ್ಟಿನಡಿಯಲ್ಲಿ ಸೇರಿ ಸಿಪ್ಪೆಯನ್ನು ಕಂದಿಸುವ, ಬರಿಗಣ್ಣಿಗೆ ಗೋಚರವಾಗದ ಜೀವಿಯೂ ನುಸಿಯೇ. ಶಾಸ್ತ್ರದೃಷ್ಟಿಯಿಂದ ನೋಡಿದರೆ ಇವುಗಳಲ್ಲಿ ಮೊದಲಿನ ಎರಡು ಆರು ಕಾಲುಗಳುಳ್ಳ ಕೀಟಗಳು. ಮೂರನೆಯದು ಜೇಡ, ಚೇಳು, ಉಣ್ಣೆಗಳ ಬಳಗಕ್ಕೆ ಸೇರಿದುದು. ಈ ಬಳಗದಲ್ಲಿ ಪ್ರಾಯಕ್ಕೆ ಬಂದ ಪ್ರಾಣಿಗೆ ಸಾಮಾನ್ಯವಾಗಿ ಎಂಟು ಕಾಲುಗಳಿರುತ್ತವೆ. ಪ್ರಕೃತ ಲೇಖನದಲ್ಲಿ ನುಸಿಯೆಂಬ ಶಬ್ದವನ್ನು ಈ ಮೂರನೆಯ ಅರ್ಥದಲ್ಲಿ ಮಾತ್ರ ಪ್ರಯೋಗಿಸಲಾಗಿದೆ. ಪ್ರಾಣಿಗೆ ಶಾಸ್ತ್ರಜ್ಞರು ಕೊಡುವ ಎರಡು ಪದಗಳ ಹೆಸರಿನಲ್ಲಿ ಮೊದಲನೆಯ ಪದವನ್ನು ಕುಲವೆಂದೂ ಎರಡನೆಯದರಿಂದ ಗುರುತಿಸಲ್ಪಡುವುದನ್ನು ಪ್ರಭೇದವೆಂದೂ ಇಲ್ಲಿ ಕರೆಯುವೆವು.

ಜೇನುಹುಳುಗಳ ಮೇಲೆ ಜೀವಿಸುವ ವರೋವಾ ಎಂಬ ನುಸಿಕುಲವು ೧೯೦೪ರಲ್ಲಿ ಮೊದಲು ಹೆಸರು ಪಡೆಯಿತು. ಆಗ ಅದರ ಪ್ರಭೇದವು ಒಂದೇ. ಮುಂದೆ ಅರ್ಧ ಶತಮಾನದೊಳಗೆ ಅದು ಲೋಕದ ಜೇನುಸಾಕಣೆಗೆ ಅತ್ಯಂತ ದೊಡ್ಡ ಕಂಟಕವಾಗಿ ಹರಡಲಾರಂಭಿಸಿತು. ಅದರ ವಿಷಯವಾಗಿ ಅಸಂಖ್ಯಾತ ಲೇಖನಗಳು ಪ್ರಕಟವಾದುವು. ಆದರೆ ಅವುಗಳಲ್ಲಿ ಬಹುಭಾಗವು ಯಾವ ಪ್ರಾಣಿಯ ಹೆಸರಿನಲ್ಲಿ ಬರೆಯಲ್ಪಟ್ಟಿತೋ ಆ ಪ್ರಾಣಿಯನ್ನು ಕುರಿತದ್ದೇ ಆಗಿರಲಿಲ್ಲವೆಂಬುದು ೨೦೦೦ದಲ್ಲಿ ಸ್ಥಿರಪಟ್ಟಿತು. ಈ ಪ್ರಮಾದವು ಹೇಗೆ ಹುಟ್ಟಿತು, ಏಕೆ ಬಹುಕಾಲ ನಿಂತಿತು, ಯಾವ ಸಾಕ್ಷ್ಯದಿಂದ ನಿವಾರಣೆಯಾಯಿತು, ಅದರಿಂದ ಕೃಷಿಕರಿಗೆ ಒದಗಿದ ಹಾನಿ ಲಾಭಗಳೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು.

೨

ನುಸಿಗಳ ವಿಷಯವಾದ ಪ್ರಾಚೀನ ಉಲ್ಲೇಖಗಳಲ್ಲಿ ಪ್ರಸಿದ್ಧವಾದುದು ಗ್ರೀಕ್ ತತ್ತ್ವಜ್ಞನಾದ ಅರಿಸ್ಟಾಟಲನದು. ಹಳತಾದ ಜೇನುಮೇಣದಲ್ಲಿ ಬೆಳ್ಳಗಿನ ಒಂದು ಸಣ್ಣ ಪ್ರಾಣಿಯು ಹುಟ್ಟುವುದೆಂದೂ, ಅದು ಸಕಲ ಪ್ರಾಣಿಗಳಲ್ಲಿ ಅತ್ಯಂತ ಚಿಕ್ಕದೆಂದು ತೋರುವುದೆಂದೂ, ಅದಕ್ಕೆ ಅಕರಿ ಎಂದು ಹೆಸರೆಂದೂ ಅವನು ತನ್ನ ಪ್ರಾಣಿಗಳ ಇತಿಹಾಸವೆಂಬ ಗ್ರಂಥದಲ್ಲಿ ಹೇಳಿರುವನು. ನುಸಿಗಳನ್ನು ಕುರಿತ ಶಾಸ್ತ್ರಕ್ಕೆ ಯೂರೋಪಿನ ಭಾಷೆಗಳಲ್ಲಿರುವ ಹೆಸರು ಈ ಪದದಿಂದಲೇ ಬಂದುದು. ನುಸಿಯ ಚರಿತ್ರೆಯು ಜೇನಿನ ಮನೆಯಿಂದಲೇ ಆರಂಭವಾಗುವುದೆಂಬುದು ಗಮನಾರ್ಹವಾಗಿದೆ.

ಸೂಕ್ಷ್ಮದರ್ಶಕವು ಬಳಕೆಗೆ ಬರುವ ತನಕ ಈ ಜ್ಞಾನವು ಇದಕ್ಕಿಂತ ಮುಂದುವರಿಯಲಿಲ್ಲ. ೧೬೬೫ರಲ್ಲಿ ಪ್ರಕಟವಾದ ರಾಬರ್ಟ್ ಹೂಕನ ಮೈಕ್ರೋಗ್ರಾಫಿಯಾ ಗ್ರಂಥದಲ್ಲಿ ನುಸಿಗಳ ಚಿತ್ರಗಳಿವೆ. ೧೬೮೭ರಲ್ಲಿ ಇಟಲಿಯ ವೈದ್ಯನಾದ ಬೊನೊಮೊ ಎಂಬವನು ಕಜ್ಜಿಗೆ ಒಂದು ನುಸಿಯೇ ಕಾರಣವೆಂದು ಬರೆದು ತೋರಿಸಿದನು. ಸ್ವೀಡನಿನ ಲಿನೇಯಸನು ೧೭೫೮ರಲ್ಲಿ ತನ್ನ ಪ್ರಾಣಿವರ್ಗೀಕರಣವನ್ನು ಪ್ರಕಟಿಸಿದಾಗ ತನಗೆ ತಿಳಿದಿದ್ದ ನುಸಿ ಉಣ್ಣೆಗಳೆಲ್ಲವನ್ನೂ, ಸುಮಾರು ಮೂವತ್ತು ಪ್ರಭೇದಗಳನ್ನು, ಅಕಾರಸ್ ಎಂಬ ಒಂದೇ ಕುಲದಲ್ಲಿ ತುಂಬಿಟ್ಟನು. ಇಂದು ವರ್ಣಿತವಾಗಿರುವ ಪ್ರಭೇದಗಳು ಐವತ್ತು ಸಾವಿರವನ್ನು ಮೀರಿವೆ. ಒಂದು ಕುಲವಿದ್ದೆಡೆಯಲ್ಲಿ ಸಾವಿರಾರು ಕುಲಗಳು ತಲೆದೋರಿದ ಈ ಬೆಳವಣಿಗೆಯ ನಡುವಣ ಒಂದು ಹೆಜ್ಜೆಯೇ ವರೋವಾ ಕುಲದ ಸ್ಥಾಪನೆ.

೩

ಈ ಕುಲವನ್ನು ಸ್ಥಾಪಿಸಿದವರು ಆಂಥೊನಿ ಕಾರ್ನೆಲಿಸ್ ಔಡೆಮಾನ್ಸ್ (೧೮೫೮-೧೯೪೩) ಎಂಬ ಡಚ್ ವಿದ್ವಾಂಸರು. ಇವರು ಹೇಗ್ ನಗರದ ಮೃಗಾಲಯದ ನಿರ್ದೇಶಕರಾಗಿದ್ದು ಅನಂತರ ಆರ್ನ್‌ಹೆಮ್ ಪಟ್ಟಣದಲ್ಲಿ ಶಾಲೆಯ ಅಧ್ಯಾಪಕರಾಗಿದ್ದರು. ಸಮುದ್ರದಲ್ಲಿ ಮಹಾಸರ್ಪವೊಂದಿದೆಯೆಂಬ ನಾವಿಕರ ಹೇಳಿಕೆಗಳನ್ನೆಲ್ಲ ಕಲೆಹಾಕಿ ೧೮೯೨ರಲ್ಲಿ ದೊಡ್ಡದೊಂದು ಗ್ರಂಥವನ್ನು ಬರೆದವರೂ ಇವರೇ. ಆದರೆ ಅವರ ಕೀರ್ತಿಯು ಉಳಿದಿರುವುದು ಮಹಾಸರ್ಪದಿಂದಲ್ಲ, ನುಸಿಗಳಿಂದ.

ಜಾವಾ ದ್ವೀಪದ ಸೆಮರಾಂಗಿನಲ್ಲಿ ಎಡ್ವರ್ಡ್ ಜಾಕಬ್‌ಸನ್ ಎಂಬ ಡಚ್ ಸಂಗ್ರಾಹಕರು ಅಲ್ಲಿಯ ಜೇನುಗೂಡುಗಳಿಂದ ಕೆಲವು ನುಸಿಗಳನ್ನು ಹಿಡಿದಿದ್ದರು. ಆ ಜೇನನ್ನು ಆಗ ಏಪಿಸ್ ಇಂಡಿಕಾ ಎಂದು ಕರೆಯುತ್ತಿದ್ದರು. ೧೭೯೩ರಲ್ಲಿಯೇ ಕೊಡಲ್ಪಟ್ಟಿದ್ದ ಏಪಿಸ್ ಸಿರಾನಾ ಎಂಬ ಹೆಸರು ಹಳೆಯದಾದುದರಿಂದ ಈಗ ಅದೇ ಸಲ್ಲುತ್ತದೆ. ನಮ್ಮ ಮಲೆನಾಡಿನ ತುಡುವೆ ಜೇನು ಇದೇ ಪ್ರಭೇದದ್ದು. ಜಾವಾದಿಂದ ಬಂದ ನುಸಿಗಳನ್ನು ಪರೀಕ್ಷಿಸಿದ ಔಡೆಮಾನ್ಸರು ಅವು ಅದುವರೆಗೆ ತಿಳಿದಿದ್ದ ಯಾವ ಕುಲಕ್ಕೂ ಹೊಂದುವುದಿಲ್ಲವೆಂದು ನಿರ್ಧರಿಸಿ, ಲೈಡನ್ ವಸ್ತುಸಂಗ್ರಹಾಲಯದ ಪತ್ರಿಕೆಯಲ್ಲಿ ೧೯೦೪ರಲ್ಲಿ ವರೋವಾ ಜಾಕಬ್ಸೋನಿ ಎಂದು ನಾಮಕರಣಮಾಡಿದರು. ಪ್ರಭೇದದ ಹೆಸರು ಸಂಗ್ರಾಹಕರದು. ಕುಲದ ಹೆಸರು ರೋಮಿನ ಪ್ರಾಚೀನ ಪಂಡಿತನಾದ ಮಾರ್ಕಸ್ ಟೆರೆನ್‌ಷಿಯಸ್ ವಾರೋನದು (ಕ್ರಿ. ಪೂ. ೧೧೬-೨೭).

ಈ ವಾರೋ ತನ್ನ ಇಳಿವಯಸ್ಸಿನಲ್ಲಿ ಬರೆದ ಕೃಷಿಗ್ರಂಥದಲ್ಲಿ ಜೇನುಸಾಕಣೆಯನ್ನು ವಿಸ್ತಾರವಾಗಿ ವರ್ಣಿಸಿರುವನು. ಜೇನಿನ ಕೋಶಗಳು ಷಟ್ಕೋನವಾಗಿರುವುದರ ಕಾರಣವನ್ನೂ ಚರ್ಚಿಸಿರುವನು. ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಜವುಗುನೆಲದ ಸಮೀಪದಲ್ಲಿ ಮನೆ ಕಟ್ಟಬಾರದೆಂದೂ, ಅಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಪ್ರಾಣಿಗಳು ಹುಟ್ಟಿ ಗಾಳಿಯ ಮೂಲಕ ಬಾಯಿ ಮೂಗುಗಳಿಂದ ದೇಹವನ್ನು ಪ್ರವೇಶಿಸಿ ಕಠಿನವಾದ ರೋಗಗಳನ್ನುಂಟುಮಾಡುವುವೆಂದೂ ಅವನು ಎಚ್ಚರಿಸುತ್ತಾನೆ. ಜೇನನ್ನೂ ಸೂಕ್ಷ್ಮಜೀವಿಯಿಂದ ಬರುವ ರೋಗವನ್ನೂ ಒಂದೇ ಗ್ರಂಥದಲ್ಲಿ ಕಂಡವನ ಹೆಸರನ್ನು ಈ ಕುಲವು ಹೊತ್ತಿರುವುದು ಎಷ್ಟು ಸಮಂಜಸವೆಂಬುದು ೧೯೦೪ರಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ.

೪

ವರೋವಾ ಕುಲದ ಹೆಣ್ಣುನುಸಿಯನ್ನು ಬರಿಗಣ್ಣಿನಿಂದಲೇ ಕಾಣಬಹುದು. ಗಾತ್ರದಲ್ಲಿಯೂ ಬಣ್ಣದಲ್ಲಿಯೂ ಅದು ರಾಗಿಯ ಕಾಳನ್ನು ಹೋಲುತ್ತದೆ; ಆದರೆ ಚಪ್ಪಟೆ. ಅದರ ಮುಖ್ಯ ಲಕ್ಷಣವೆಂದರೆ ದೇಹದ ಉದ್ದಕ್ಕಿಂತ ಅಗಲವು ಹೆಚ್ಚಾಗಿರುವುದು. ಬೆನ್ನನ್ನು ಒಂದೇ ಗಟ್ಟಿಯಾದ ಕವಚವು ಮುಚ್ಚಿಕೊಂಡಿರುತ್ತದೆ. ಅದರ ಅಂಚಿನಲ್ಲಿ ಬಿರುಸಾದ ರೋಮಗಳಿರುತ್ತವೆ. ಜೇನುಹುಳುವಿನ ಹೊಟ್ಟೆಯ ಪದರಗಳ ನಡುವೆ ನುಸುಳಿ ಕುಳಿತುಕೊಳ್ಳಲು ಈ ಆಕಾರವು ಅನುಕೂಲ. ಗಂಡುನುಸಿಯಾದರೋ ಚಿಕ್ಕದು, ಬಿಳಿಚಿದ್ದು. ಹುಟ್ಟಿದ ಕೋಶವನ್ನು ಬಿಟ್ಟು ಅದು ಹೊರಗೆ ಬಾರದು. ಆದುದರಿಂದ ಪ್ರಭೇದನಿರ್ಣಯಕ್ಕೆ ಸಾಮಾನ್ಯವಾಗಿ ಹೆಣ್ಣಿನ ದೇಹವೇ ಆಧಾರವು.

ಇಂತಹ ಲಕ್ಷಣಗಳ ಬಲದಿಂದ ಕುಲದ ಪರಿಧಿಯು ಕ್ರಮವಾಗಿ ನಿಶ್ಚಿತವಾಯಿತು. ೧೯೫೧ರಲ್ಲಿ ಸಿಂಗಪುರದ ಜೇನುಗೂಡಿನಲ್ಲಿ ದೊರೆತ ನುಸಿಯೊಂದನ್ನು ಗುಂಥರ್ ಎಂಬವರು ಹೊಸದೆಂದು ಭಾವಿಸಿ, ಇರುವೆಗಳ ಸಂಗಡ ವಾಸಿಸುವ ಮಿರ್ಮೊಜರ್ಕಾನ್ ಎಂಬ ಬೇರೊಂದು ಕುಲದಲ್ಲಿ ಸೇರಿಸಿದ್ದರು; ಅದು ಔಡೆಮಾನ್ಸರ ಪ್ರಾಣಿಯೇ ಎಂದು ಅನಂತರ ಗೊತ್ತಾಯಿತು. ೧೯೭೪ರಲ್ಲಿ ಮರ್ಸಿಡಿಸ್ ಡೆಲ್ಫಿನಾಡೊ ಮತ್ತು ಎಡ್ವರ್ಡ್ ಬೇಕರ್ ಎಂಬ ವಿದ್ವಾಂಸರು ವರೋವಾಕ್ಕಾಗಿ ಪ್ರತ್ಯೇಕವಾದೊಂದು ಕುಟುಂಬವನ್ನೇ ಕಲ್ಪಿಸಿ, ಭಾರತದ ಕೋಲುಜೇನಿನ ಮೇಲೆ ದೊರೆತ ನುಸಿಗೆ ಯೂವರೋವಾ ಸಿನ್ಹಾಯ್ ಎಂದು ಹೆಸರಿಟ್ಟು ಅದರ ನೆರೆಯಲ್ಲಿ ನಿಲ್ಲಿಸಿದರು. ಇದರ ದೇಹವು ಅಡ್ಡಲಾಗಿ ಅಗಲವಾಗಿರದೆ ಪೇರಳೆಹಣ್ಣಿನಂತಿರುತ್ತದೆ. ಹಿಂಬದಿಯ ಅಂಚಿನಲ್ಲಿ ಉದ್ದನೆಯ ರೋಮಗಳ ಸಾಲಿರುತ್ತದೆ. ಈ ಗುಂಪನ್ನು ಬೇರೆ ಕುಟುಂಬವೆನ್ನದೆ ಲೇಲಾಪಿಡೀ ಎಂಬ ಹಿರಿಯ ಕುಟುಂಬದ ಒಳಪಂಗಡವೆಂದು ಎಣಿಸುವವರೂ ಉಂಟು. ವರೋವಾ ಕುಲಕ್ಕೆ ೧೯೮೭ರಲ್ಲಿ ನೇಪಾಳದ ತುಡುವೆಯಿಂದ ದೊರೆತ ವರೋವಾ ಅಂಡರ್‌ವುಡಿಯೂ, ೧೯೯೬ರಲ್ಲಿ ಬೋರ್ನಿಯೋ ದ್ವೀಪದ ಕೆಂಜೇನಿನಿಂದ ದೊರೆತ ವರೋವಾ ರಿಂಡರೆರಿಯೂ ಸೇರಿದುವು.

ಹೀಗೆ ಅಪೂರ್ವವಾದ ಪ್ರಭೇದಗಳು ಒಂದೊಂದಾಗಿ ಬೇರ್ಪಟ್ಟುವು. ಎಲ್ಲರ ಕಣ್ಣೆದುರಿಗೆ ಕೋಟ್ಯಂತರವಾಗಿದ್ದ ಪ್ರಾಣಿಯ ನಿಜವಾದ ಗುರುತು ಮಾತ್ರ ಮರೆಯಾಗಿಯೇ ಉಳಿದಿತ್ತು.

೫

ಪ್ರಮಾದದ ಮೂಲವನ್ನು ತಿಳಿಯಲು ಎರಡು ಜೇನುಗಳ ಭೇದವನ್ನು ಅರಿಯಬೇಕು. ತುಡುವೆಯೂ ವರೋವಾ ನುಸಿಯೂ ಬಹು ದೀರ್ಘಕಾಲದಿಂದ ಒಟ್ಟಿಗೆ ಬಾಳುತ್ತ ಬಂದಿವೆ. ತುಡುವೆಯ ಗೂಡಿನಲ್ಲಿ ಈ ನುಸಿಯು ಸಾಮಾನ್ಯವಾಗಿ ಗಂಡುಹುಳುಗಳ ಕೋಶದಲ್ಲಿ ಮಾತ್ರ ಸಂತಾನವನ್ನು ಬೆಳೆಸುತ್ತದೆ. ಕೆಲಸಗಾರ ಹುಳುಗಳು ತಮ್ಮ ಮೈಯನ್ನೂ ಸಂಗಡಿಗರ ಮೈಯನ್ನೂ ಸವರಿ ನುಸಿಗಳನ್ನು ಕಿತ್ತೊಗೆಯುತ್ತವೆ. ಆದುದರಿಂದ ನುಸಿಯಿದ್ದರೂ ಗೂಡು ನಾಶವಾಗುವುದಿಲ್ಲ. ಯೂರೋಪಿನ ಜೇನಾದ ಏಪಿಸ್ ಮೆಲ್ಲಿಫೆರಾಕ್ಕೆ ಈ ಸಹವಾಸದ ಅನುಭವವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಅದನ್ನು ಜಪಾನಿಗೂ ರಷ್ಯದ ಪೂರ್ವಪ್ರಾಂತಗಳಿಗೂ ಒಯ್ದು ಸಾಕತೊಡಗಿದರು. ಅಲ್ಲಿ ಅದು ಸಿರಾನಾ ಜೇನಿನ ನೆರೆಗೆ ಬಂದಿತು. ನುಸಿಯು ಹೊಸ ಆಶ್ರಯಕ್ಕೆ ದಾಟಿತು.

ಹೊಸ ಆಶ್ರಯದಲ್ಲಿ ಕೆಲಸಗಾರ ಹುಳುಗಳ ಕೋಶವೂ ಅದಕ್ಕೆ ಸೂತಿಕಾಗೃಹವಾಯಿತು. ಕೋಶದ ಬಾಯಿಗೆ ಮೇಣ ಮುಚ್ಚುವ ಮುನ್ನ ತಾಯಿನುಸಿಯು ಒಳಹೊಕ್ಕು, ಮುಚ್ಚಿದ ಸುಮಾರು ಮೂರು ದಿನಗಳ ಮೇಲೆ ಮೊದಲನೆಯ ಮೊಟ್ಟೆಯನ್ನಿಡುತ್ತದೆ; ಅದು ಗಂಡಾಗುತ್ತದೆ. ಅನಂತರ ಸುಮಾರು ಮೂವತ್ತು ಗಂಟೆಗಳಿಗೊಂದರಂತೆ ಇಡುವ ಮೊಟ್ಟೆಗಳೆಲ್ಲ ಹೆಣ್ಣಾಗುತ್ತವೆ. ಅಣ್ಣತಂಗಿಯರು ಕತ್ತಲೆಯ ಕೋಶದೊಳಗೇ ಕೂಡಿ, ಹೆಣ್ಣುಗಳು ಹುಳುವಿನೊಡನೆ ಹೊರಬೀಳುತ್ತವೆ. ರೆಕ್ಕೆಗಳನ್ನು ಮುರುಟಿಸುವ ವೈರಸ್ಸನ್ನು ಹುಳುವಿನಿಂದ ಹುಳುವಿಗೆ ಹರಡುವುದೂ ಈ ನುಸಿಯೇ. ಚಿಕಿತ್ಸೆಯಿಲ್ಲದ ಗೂಡು ಕೆಲವೇ ವರ್ಷಗಳಲ್ಲಿ ಹಾಳಾಗುತ್ತದೆ.

೧೯೬೩ರಲ್ಲಿ ಡೆಲ್ಫಿನಾಡೊ ಅವರು ಆಗ್ನೇಯ ಏಷ್ಯದಲ್ಲಿ ಮೆಲ್ಲಿಫೆರಾ ಜೇನಿನ ಮೇಲೆ ವರೋವಾ ಇರುವುದನ್ನು ವರದಿಮಾಡಿದರು. ೧೯೭೦ರ ದಶಕದಲ್ಲಿ ಅದು ಯೂರೋಪಿನಲ್ಲಿಯೂ ದಕ್ಷಿಣ ಅಮೆರಿಕದಲ್ಲಿಯೂ ಹಬ್ಬಿತು. ೧೯೮೭ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ೧೯೯೨ರಲ್ಲಿ ಇಂಗ್ಲೆಂಡಿನಲ್ಲಿ, ೨೦೦೦ದಲ್ಲಿ ನ್ಯೂಜಿಲೆಂಡಿನಲ್ಲಿ ಕಾಣಿಸಿತು. ಎಲ್ಲೆಲ್ಲಿಯೂ ಪರೀಕ್ಷಕರು ಔಡೆಮಾನ್ಸರ ವರ್ಣನೆಯನ್ನು ತೆರೆದು ನೋಡಿದರು. ಅಡ್ಡಗಲದ ದೇಹ, ಕಂದುಬಣ್ಣದ ಕವಚ, ಜೇನಿನ ಮೇಲೆ ವಾಸ, ಎಲ್ಲವೂ ಹೊಂದಿದುವು. ಇದು ವರೋವಾ ಜಾಕಬ್ಸೋನಿಯೇ ಎಂದು ಬರೆದರು. ವರ್ಣನೆಯಲ್ಲಿ ದೋಷವಿರಲಿಲ್ಲ; ಆ ವರ್ಣನೆಗೆ ಹೊಂದುವ ಎರಡನೆಯ ಪ್ರಾಣಿಯೊಂದು ಇರಬಹುದೆಂಬ ಶಂಕೆಯೇ ಹುಟ್ಟಲಿಲ್ಲ.

ನಮ್ಮ ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ಇಂತಹ ಭ್ರಾಂತಿಯು ಅಪರಿಚಿತವಲ್ಲ. ಛಂದೋಂಬುಧಿಯನ್ನೂ ಕಾವ್ಯಾವಲೋಕನವನ್ನೂ ಬರೆದವನು ಒಬ್ಬನೇ ನಾಗವರ್ಮನೆಂದು ಒಂದು ಕಾಲದಲ್ಲಿ ಭಾವಿಸಿದ್ದರು. ಹೆಸರು ಒಂದೆಂಬ ಕಾರಣದಿಂದ ವ್ಯಕ್ತಿಯೂ ಒಂದೆಂದು ತಿಳಿದಾಗ ಕಾಲ, ಆಶ್ರಯ, ಗುರುಪರಂಪರೆಗಳು ಒಂದಕ್ಕೊಂದು ಹೊಂದದೆ ಹೋದುವು. ಇಬ್ಬರನ್ನು ಬೇರ್ಪಡಿಸಿದ ಮೇಲೆ ಎಲ್ಲವೂ ತಂತಮ್ಮ ಸ್ಥಾನದಲ್ಲಿ ನಿಂತುವು. ವರೋವಾದ ವಿಷಯದಲ್ಲಿಯೂ ತೊಡಕನ್ನು ಬಿಡಿಸಿದುದು ಇಂತಹ ಹೊಂದಿಕೆಯಿಲ್ಲದ ಸಂಗತಿಯೊಂದೇ.

೬

ಆ ಸಂಗತಿಯನ್ನು ಗಮನಿಸಿದವರು ಆಸ್ಟ್ರೇಲಿಯದ ಡೆನಿಸ್ ಆಂಡರ್‌ಸನ್. ಪಾಪುವಾ ನ್ಯೂಗಿನಿ ಮತ್ತು ಇಂಡೊನೇಷ್ಯಗಳಲ್ಲಿ ವರೋವಾ ನುಸಿಯು ಮೆಲ್ಲಿಫೆರಾದ ಗೂಡನ್ನು ಹೊಕ್ಕರೂ ಅಲ್ಲಿ ಸಂತಾನವನ್ನು ಪಡೆಯುವುದಿಲ್ಲವೆಂದು ಅವರು ೧೯೯೪ರಲ್ಲಿ ಪ್ರಕಟಿಸಿದರು. ಯೂರೋಪಿನಲ್ಲಿ ಗೂಡುಗಳನ್ನು ನಿರ್ನಾಮಮಾಡುತ್ತಿರುವ ಪ್ರಾಣಿಯು ತನ್ನ ಹೆಸರು ಹುಟ್ಟಿದ ದೇಶದಲ್ಲಿಯೇ ಅದೇ ಜೇನಿಗೆ ನಿರಪಾಯವಾಗಿರುವುದೇಕೆ? ಹವಾಗುಣವೆಂದೂ ಜೇನಿನ ತಳಿಯೆಂದೂ ಕಾರಣ ಹೇಳಬಹುದು. ಆದರೆ ನುಸಿಯೇ ಬೇರೆಯಾಗಿರಬಹುದೆಂಬ ಮೂರನೆಯ ಪಕ್ಷವೂ ಉಂಟಷ್ಟೆ.

ಆಂಡರ್‌ಸನ್ನರೂ ಜಾನ್ ಟ್ರೂಮನ್ನರೂ ಏಷ್ಯದ ನಾನಾ ಪ್ರದೇಶಗಳಿಂದ ನುಸಿಗಳನ್ನು ತರಿಸಿ ಎರಡು ಬಗೆಯ ಪರೀಕ್ಷೆಯನ್ನು ನಡೆಯಿಸಿದರು. ಒಂದು, ದೇಹದ ಅಳತೆ. ಇನ್ನೊಂದು, ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ವಂಶವಾಹಿಯ ಅಕ್ಷರಕ್ರಮವನ್ನು ಹೋಲಿಸುವುದು. ಎರಡೂ ಒಂದೇ ತೀರ್ಮಾನಕ್ಕೆ ಬಂದುವು. ವಂಶವಾಹಿಯ ಹದಿನೆಂಟು ರೂಪಗಳು ದೊರೆತುವು. ಇವುಗಳಲ್ಲಿ ಒಂಬತ್ತು ಮಲೇಷ್ಯ ಇಂಡೊನೇಷ್ಯಗಳ ಪ್ರದೇಶಕ್ಕೆ ಸೇರಿ ಒಂದು ಗುಂಪಾದುವು. ಆರು ಏಷ್ಯದ ಮುಖ್ಯಭೂಮಿಗೆ ಸೇರಿ ಇನ್ನೊಂದು ಗುಂಪಾದುವು. ಫಿಲಿಪೀನ್ಸಿನ ಮೂರನ್ನು ಆಗ ಯಾವ ಗುಂಪಿಗೂ ಸೇರಿಸದೆ ಬಿಟ್ಟರು. ಮೊದಲನೆಯ ಗುಂಪಿನ ಹೆಣ್ಣುನುಸಿಯ ಉದ್ದವು ಸರಾಸರಿ ೧.೦೬ ಮಿಲಿಮೀಟರು, ಅಗಲವು ೧.೫೧ ಮಿಲಿಮೀಟರು. ಎರಡನೆಯದರ ಉದ್ದವು ೧.೧೭, ಅಗಲವು ೧.೭೧. ಕೂದಲೆಳೆಯಷ್ಟು ಅಂತರವೆನ್ನಬಹುದು, ಆದರೆ ಅದು ಸ್ಥಿರವಾದ ಅಂತರ.

ಜಾವಾದ ನುಸಿಗಳು ಮೊದಲನೆಯ ಗುಂಪಿನಲ್ಲಿದ್ದುವು. ಇಲ್ಲಿ ನಾಮಕರಣದ ನಿಯಮವು ನಿರ್ಣಾಯಕವಾಗುತ್ತದೆ. ಪ್ರಾಣಿಯ ಹೆಸರು ಜನರ ಬಳಕೆಯನ್ನು ಅನುಸರಿಸುವುದಿಲ್ಲ. ಮೊದಲು ವರ್ಣಿಸಿದವನು ಕೈಯಲ್ಲಿ ಹಿಡಿದಿದ್ದ ಮಾದರಿಗೆ ಅದು ಅಂಟಿಕೊಂಡಿರುತ್ತದೆ. ಶಾಸನದ ಪಾಠದಲ್ಲಿ ವಿವಾದ ಹುಟ್ಟಿದರೆ ಪ್ರತಿಗಳನ್ನು ಬಿಟ್ಟು ಮೂಲಶಿಲೆಯ ಬಳಿಗೆ ಹೋಗುವಂತೆ, ಪ್ರಭೇದದ ವಿವಾದದಲ್ಲಿ ಮೂಲಮಾದರಿಯ ಬಳಿಗೆ, ಅದು ದೊರೆತ ಸ್ಥಳಕ್ಕೆ ಹೋಗಬೇಕು. ಔಡೆಮಾನ್ಸರ ಮಾದರಿಯು ಜಾವಾದ್ದಾದುದರಿಂದ ಜಾಕಬ್ಸೋನಿ ಎಂಬ ಹೆಸರು ದ್ವೀಪಗಳ ನುಸಿಗೇ ಉಳಿಯಿತು. ಲೋಕಪ್ರಸಿದ್ಧವಾದ ಮತ್ತೊಂದು ನುಸಿಯು ಅಷ್ಟು ಕಾಲದ ಮೇಲೆ ಹೆಸರಿಲ್ಲದುದಾಯಿತು. ಅದಕ್ಕೆ ೨೦೦೦ದಲ್ಲಿ ವರೋವಾ ಡಿಸ್ಟ್ರಕ್ಟರ್, ಅಂದರೆ ವಿಧ್ವಂಸಕ, ಎಂದು ನಾಮಕರಣವಾಯಿತು. ಅದರ ಆರು ರೂಪಗಳಲ್ಲಿಯೂ ಮೆಲ್ಲಿಫೆರಾಕ್ಕೆ ದಾಟಿ ಹರಡಿದ್ದವು ಎರಡೇ ಎಂದು ಅದೇ ಲೇಖನವು ತೋರಿಸಿತು. ಒಂದು ಕೊರಿಯದಲ್ಲಿ ಮೊದಲು ಗುರುತಿಸಲ್ಪಟ್ಟದ್ದು. ಇನ್ನೊಂದು ಜಪಾನು ಥಾಯ್ಲೆಂಡುಗಳದು.

೭

ಹೆಸರಿನ ಈ ತಿದ್ದುಪಡಿಯಿಂದ ಜೇನುಸಾಕುವವನಿಗೆ ಏನಾಯಿತೆಂದು ಕೇಳಬಹುದು. ಇದಕ್ಕೆ ಮೂರು ಉತ್ತರಗಳಿವೆ.

ಮೊದಲನೆಯದು, ಹಳೆಯ ಗ್ರಂಥಗಳನ್ನು ಓದುವ ವಿಧಾನ. ೨೦೦೦ಕ್ಕೆ ಮುಂಚೆ ಯೂರೋಪು ಅಮೆರಿಕಗಳಲ್ಲಿ ಜಾಕಬ್ಸೋನಿಯ ಹೆಸರಿನಲ್ಲಿ ಪ್ರಕಟವಾದ ಪ್ರಯೋಗಗಳೆಲ್ಲವೂ ವಾಸ್ತವವಾಗಿ ಡಿಸ್ಟ್ರಕ್ಟರ್ ನುಸಿಯವು. ಇದನ್ನು ಅರಿಯದೆ ಜಾವಾದ ಫಲಿತಾಂಶವನ್ನೂ ಜರ್ಮನಿಯ ಫಲಿತಾಂಶವನ್ನೂ ಒಟ್ಟಿಗೆ ಇಟ್ಟವನು ವಿರೋಧಾಭಾಸದಲ್ಲಿ ಸಿಕ್ಕಿಬೀಳುವನು.

ಎರಡನೆಯದು, ಗಡಿಗಳ ರಕ್ಷಣೆ. ನಿರಪಾಯವೆಂದು ತಿಳಿದಿದ್ದ ಜಾಕಬ್ಸೋನಿಯೇ ೨೦೦೮ರಲ್ಲಿ ಪಾಪುವಾ ನ್ಯೂಗಿನಿಯಲ್ಲಿ ಮೆಲ್ಲಿಫೆರಾದ ಕೋಶಗಳಲ್ಲಿ ಸಂತಾನವನ್ನು ಬೆಳೆಸುತ್ತಿರುವುದನ್ನು ಆಂಡರ್‌ಸನ್ನರು ಕಂಡರು. ಎರಡು ಪ್ರಭೇದಗಳನ್ನು ಬೇರ್ಪಡಿಸದೆ ಇದ್ದಿದ್ದರೆ ಇದು ಹಳೆಯ ಶತ್ರುವಿನ ಮತ್ತೊಂದು ದಾಳಿಯೆಂದೇ ಕಾಣುತ್ತಿತ್ತು. ಹೊಸದೊಂದು ಪ್ರಾಣಿಯು ಹೊಸ ಆಶ್ರಯಕ್ಕೆ ದಾಟಿತೆಂಬ ಗಂಭೀರವಾದ ಸಂಗತಿಯು ಮರೆಯಾಗುತ್ತಿತ್ತು. ಆಸ್ಟ್ರೇಲಿಯದಲ್ಲಿ ೨೦೧೬ರಲ್ಲಿ ಟೌನ್ಸ್‌ವಿಲ್ ಬಂದರಿನ ಬಳಿ ಸಿರಾನಾ ಜೇನಿನ ಮೇಲೆ ಸಿಕ್ಕಿದ್ದು ಜಾಕಬ್ಸೋನಿ. ೨೦೨೨ರಲ್ಲಿ ನ್ಯೂಕ್ಯಾಸಲ್ ಬಂದರಿನಲ್ಲಿ ಸಿಕ್ಕಿದ್ದು ಡಿಸ್ಟ್ರಕ್ಟರ್. ಎರಡನೆಯದನ್ನು ನಿರ್ಮೂಲಗೊಳಿಸುವ ಪ್ರಯತ್ನವನ್ನು ೨೦೨೩ರಲ್ಲಿ ಕೈಬಿಡಬೇಕಾಯಿತು.

ಮೂರನೆಯದು, ಇತರ ಕುಲಗಳಿಗೆ ದೊರೆತ ಮಾರ್ಗದರ್ಶನ. ಜೇನನ್ನು ಪೀಡಿಸುವ ಟ್ರೊಪಿಲೇಲಾಪ್ಸ್ ಎಂಬ ನುಸಿಯನ್ನು ೧೯೬೧ರಲ್ಲಿ ಫಿಲಿಪೀನ್ಸಿನಿಂದ ವರ್ಣಿಸಿ ಕ್ಲಾರೆಯೀ ಎಂದು ಕರೆದಿದ್ದರು. ಅದೇ ಹೆಸರನ್ನು ಏಷ್ಯದ ಮುಖ್ಯಭೂಮಿಯ ಹೆಜ್ಜೇನಿನ ನುಸಿಗೂ ಬಳಸುತ್ತಿದ್ದರು. ೨೦೦೭ರಲ್ಲಿ ಆಂಡರ್‌ಸನ್ ಮತ್ತು ಮಾರ್ಗನ್ ಎಂಬವರು ಇದೇ ರೀತಿಯ ಪರೀಕ್ಷೆಯಿಂದ ಮುಖ್ಯಭೂಮಿಯ ನುಸಿಯನ್ನು ಪ್ರತ್ಯೇಕಿಸಿ ಮರ್ಸಿಡೆಸೀ ಎಂದು ಹೆಸರಿಸಿದರು.

೮

ಕನ್ನಡನಾಡಿನಲ್ಲಿ ಈ ಶಾಸ್ತ್ರಕ್ಕೆ ನೆಲೆಯಿಲ್ಲದೆ ಇಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಜಿ. ಪಿ. ಚನ್ನಬಸವಣ್ಣನವರು ನುಸಿಗಳ ಅಧ್ಯಯನಕ್ಕೆ ಭದ್ರವಾದ ಬುನಾದಿಯನ್ನು ಹಾಕಿದರು. ೧೯೬೬ರಲ್ಲಿ ಪ್ರಕಟವಾದ ಅವರ ಗ್ರಂಥವು ತೆಂಗಿನ ನುಸಿಯ ಬಳಗಕ್ಕೆ ಸೇರಿದ ಭಾರತೀಯ ನುಸಿಗಳನ್ನು ಕುರಿತದ್ದು. ೧೯೮೬ರಲ್ಲಿ ನುಸಿಶಾಸ್ತ್ರಜ್ಞರ ಏಳನೆಯ ಅಂತರರಾಷ್ಟ್ರೀಯ ಸಮ್ಮೇಳನವು ಬೆಂಗಳೂರಿನಲ್ಲಿಯೇ ನೆರೆಯಿತು.

ನಮ್ಮ ಜೇನುಸಾಕಣೆಯ ಚರಿತ್ರೆಯೂ ಗುರುತಿನ ಮಹತ್ತ್ವವನ್ನು ಬೋಧಿಸುತ್ತದೆ. ೧೯೯೧-೯೨ರ ಸುಮಾರಿಗೆ ದಕ್ಷಿಣ ಭಾರತದ ತುಡುವೆಗೂಡುಗಳು ಬಹುಸಂಖ್ಯೆಯಲ್ಲಿ ನಾಶವಾದುವು. ಆದರೆ ಅದಕ್ಕೆ ಕಾರಣ ಮರಿಗಳನ್ನು ಕೊಳೆಯಿಸುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ಸು, ನುಸಿಯಲ್ಲ. ನುಸಿಗೆ ಕೊಡುವ ಔಷಧವು ಆ ರೋಗಕ್ಕೆ ನಾಟುವುದಿಲ್ಲ. ಭಾರತದಲ್ಲಿ ೧೯೬೦ರ ದಶಕದಲ್ಲಿ ನೆಲೆಗೊಂಡ ಮೆಲ್ಲಿಫೆರಾ ಜೇನಿಗಾದರೋ ವರೋವಾ ನಿಜವಾದ ಶತ್ರುವು. ಒಂದೇ ತೋಟದಲ್ಲಿ ತುಡುವೆಯ ಪೆಟ್ಟಿಗೆಯನ್ನೂ ಮೆಲ್ಲಿಫೆರಾದ ಪೆಟ್ಟಿಗೆಯನ್ನೂ ಇಟ್ಟವನಿಗೆ ಯಾವ ಪೆಟ್ಟಿಗೆಗೆ ಯಾವ ವ್ಯಾಧಿಯೆಂಬುದು ತಿಳಿಯದಿದ್ದರೆ ಎರಡೂ ಕೈಬಿಡುವುವು.

ಔಡೆಮಾನ್ಸರು ಸೆಮರಾಂಗಿನ ನುಸಿಗಳನ್ನು ವರ್ಣಿಸಿದಾಗ ಅದರಿಂದ ಯಾರಿಗೂ ಪ್ರಯೋಜನವಿದ್ದಂತೆ ತೋರಿರಲಾರದು. ಅವರು ಮಾದರಿಯನ್ನು ವರ್ಣಿಸಿ, ಅದು ದೊರೆತ ಊರನ್ನೂ ಆಶ್ರಯವಾದ ಜೇನನ್ನೂ ನಮೂದಿಸಿದರು. ತೊಂಬತ್ತಾರು ವರ್ಷಗಳ ಮೇಲೆ ವಿವಾದವನ್ನು ಬಗೆಹರಿಸಲು ನೆರವಾದುದು ಆ ನಮೂದೇ. ಸಂಗ್ರಾಹಕನು ಚೀಟಿಯ ಮೇಲೆ ಬರೆದ ಸ್ಥಳನಾಮವೊಂದು ಅಳಿಸಿಹೋಗಿದ್ದರೆ ಜಾಕಬ್ಸೋನಿ ಎಂಬುದು ಯಾವ ಪ್ರಾಣಿಯ ಹೆಸರೆಂದು ಹೇಳುವುದೇ ದುಸ್ಸಾಧ್ಯವಾಗುತ್ತಿತ್ತು. ನಮ್ಮ ಕಾಡು ತೋಟಗಳ ನುಸಿಗಳನ್ನು ಇಂದು ಸಂಗ್ರಹಿಸುತ್ತಿರುವವರು ಸ್ಥಳ, ಕಾಲ, ಆಶ್ರಯಗಳನ್ನು ಇಷ್ಟೇ ನಿಷ್ಠೆಯಿಂದ ಬರೆದಿಡುವುದು ಮುಂದಿನವರಿಗೆ ಸಲ್ಲಿಸಬೇಕಾದ ಋಣವೆಂದು ಭಾವಿಸತಕ್ಕದ್ದು.